ಮುನಿಕೃಷ್ಣಪ್ಪನ ಹತ್ತು ಗುಂಟೆ ನಿದ್ದೆ

ತಾಯಲೂರಿನ ಮುನಿಕೃಷ್ಣಪ್ಪ ಬಾಯಾರಿಕೆಯಾದರೆ ಮೊದಲು ಹೋಗಿ ಗಿಡಕ್ಕೆ ನೀರು ಹಾಕಿ ಬರುತ್ತಾನೆ, ಆಮೇಲೆ ತಾನು ಕುಡಿಯುತ್ತಾನೆ. ಮೂವತ್ತು ವರ್ಷ ಟೊಮೆಟೊ ಬೆಳೆದ ಕೈ ಅದು. ಒಂದು ಎಲೆ ಬಾಡಿದ್ದು ಕಂಡರೂ ಅವನಿಗೆ ಅನ್ನ ಇಳಿಯುವುದಿಲ್ಲ. ಮನುಷ್ಯರಿಗೂ ಅವನದು ಅದೇ ಆರೈಕೆ. ಹೆಂಡತಿ ಗಂಗರತ್ನಮ್ಮನನ್ನು ದಿನಕ್ಕೆ ಆರು ಸಲ ಊಟ ಆಯಿತಾ ಎಂದು ಕೇಳುತ್ತಾನೆ; ಅದರಲ್ಲಿ ಎರಡು ಸಲ ಅವಳು ಉಣ್ಣುತ್ತಿರುವಾಗಲೇ ಕೇಳುತ್ತಾನೆ. ಮಗಳು ಧನಶ್ರೀ ನರಸಾಪುರದ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ, ಬೆಳಗ್ಗೆ ಕಂಪನಿ ಬಸ್ಸಿಳಿದು ಬಂದು ಮಲಗಿದರೆ, ಹತ್ತು ಗಂಟೆಗೆ ಅವಳನ್ನು ಅಲುಗಾಡಿಸಿ ಎಬ್ಬಿಸಿ, ಚೆನ್ನಾಗಿ ನಿದ್ದೆ ಬಂತೇನಮ್ಮ ಎಂದು ವಿಚಾರಿಸಿಕೊಂಡು ಹೋಗುತ್ತಾನೆ.

ಇಷ್ಟೆಲ್ಲ ವಿಚಾರಿಸುವ ಪುಣ್ಯಾತ್ಮನಿಗೆ ಸ್ವಂತಕ್ಕೆ ಮಾತ್ರ ನಿದ್ದೆ ಇರಲಿಲ್ಲ. ಬೋರ್‌ವೆಲ್ ಮೋಟರಿಗೆ ತ್ರೀ ಫೇಸ್ ಕರೆಂಟು ಬರುತ್ತಿದ್ದುದೇ ಅಪರಾತ್ರಿಯಲ್ಲಿ. ಮೂವತ್ತು ವರ್ಷ ಆ ಹೊತ್ತಿಗೆ ಎದ್ದೆದ್ದು ಹೊಲಕ್ಕೆ ಓಡಿದ್ದಾನೆ. ಈಗ ಹಗಲಲ್ಲೇ ಕರೆಂಟು ಕೊಡುತ್ತಾರೆ, ಆದರೆ ಆ ಸುದ್ದಿ ಅವನ ಕಣ್ಣಿಗಿನ್ನೂ ತಲುಪಿಲ್ಲ. ಸೂರು ನೋಡುತ್ತ ಮಲಗಿ, ಗಂಟೆಗೊಂದು ಸಲ ಹೆಂಡತಿಯನ್ನು ತಟ್ಟಿ, "ಲೇ, ಮೋಟ್ರು ಆಫ್ ಮಾಡಿದ್ನಾ?" ಎಂದು ಕೇಳುವುದು ಅವನ ರಾತ್ರಿಯ ಕೆಲಸವಾಯಿತು. ಮಾಡಿದ್ದೀರಿ ಎಂದು ಅವಳು ಹೇಳುವುದು, ಅವನು ನಂಬದೆ ಎದ್ದು ಹೋಗಿ ನೋಡಿಕೊಂಡು ಬರುವುದು, ಬಂದು ಆಫ್ ಆಗಿದೆ ಎಂದು ಅವಳನ್ನು ಎಬ್ಬಿಸಿ ಹೇಳುವುದು.

ಕಳೆದ ಆಷಾಢದಲ್ಲಿ ಗಂಗರತ್ನಮ್ಮ ತನ್ನ ಚಾಪೆ ದಿಂಬನ್ನು ಗಂಟು ಕಟ್ಟಿ ಬಾಗಿಲ ಹಿಂದೆ ಇಟ್ಟಳು. ಸಂಕ್ರಾಂತಿಯೊಳಗೆ ಅವನಿಗೆ ನಿದ್ದೆ ಬಂದರೆ ಸರಿ, ಇಲ್ಲದಿದ್ದರೆ ತಾನು ರಾಯಲ್ಪಾಡಿನ ಅಕ್ಕನ ಮನೆಗೆ ಹೋಗಿ ಅಲ್ಲೇ ಇದ್ದುಬಿಡುತ್ತೇನೆ ಎಂದಳು. ಜಗಳವಾಡಿ ಹೇಳಿದ್ದರೆ ಅವನು ಹೆದರುತ್ತಿರಲಿಲ್ಲ. ಅವಳು ಬೆಳ್ಳುಳ್ಳಿ ಸುಲಿಯುತ್ತ, ಎಂದಿನ ದನಿಯಲ್ಲಿ ಹೇಳಿದಳು. ಮುನಿಕೃಷ್ಣಪ್ಪನಿಗೆ ಜೀವವೇ ಹಾರಿಹೋದಂತಾಯಿತು.

ಮಾರನೆಯ ದಿನವೇ ರಾಯಲ್ಪಾಡಿಗೆ ಹೋಗಿ, ಅಲ್ಲಿ ಬೇರು ನಾರಿನ ಔಷಧಿ ಕೊಡುವ ರಾಮಲಕ್ಷ್ಮಮ್ಮನೆಂಬ ಮುದುಕಿಯ ಮುಂದೆ ಕೂತ. ಅಶ್ವಗಂಧದ ಬೇರು ಪುಡಿಮಾಡಿ ಹಾಲಿನಲ್ಲಿ ಕುದಿಸಿ ಕುಡಿದರೆ ನಿದ್ದೆ ಬರುತ್ತದೆ ಎಂದು ಆಕೆ ಹೇಳಿದಳು. ಅಷ್ಟೇ ಆಗಿದ್ದರೆ ಮುಳಬಾಗಿಲಿನ ಅಂಗಡಿಯಲ್ಲಿ ಪುಡಿಯ ಡಬ್ಬಿ ಕೊಂಡು ಮನೆಗೆ ಬರಬಹುದಿತ್ತು. ಆದರೆ ಮುನಿಕೃಷ್ಣಪ್ಪ ತಾನು ಬೆಳೆಯದ್ದನ್ನು ನಂಬುವ ಪೈಕಿ ಅಲ್ಲ. ಡಬ್ಬಿಯೊಳಗೆ ಯಾರು ಏನು ಪುಡಿ ಮಾಡಿ ತುಂಬಿದ್ದಾರೋ ಎಂದು ಯೋಚಿಸುತ್ತ ಇನ್ನೆರಡು ನಿದ್ದೆ ಹಾಳಾಗುವುದು ಬೇಡವೆಂದು, ಬೀಜ ಕೊಡಿ, ನಾನೇ ಬೆಳೆದುಕೊಳ್ಳುತ್ತೇನೆ ಎಂದ.

ಮುದುಕಿ ಒಂದು ಕೈಚೀಲದ ತುಂಬ ಬೀಜ ಕೊಟ್ಟಳು. ಇದು ಒಣಭೂಮಿಯ ಗಿಡ, ಬಿತ್ತಿ ಬಿಟ್ಟರೆ ತಾನೇ ಬರುತ್ತದೆ ಎಂದಳು. ಅವನ ಮುಖದಲ್ಲಿ ಏನು ಕಂಡಿತೋ, ಹೊರಟವನನ್ನು ಮತ್ತೆ ಕರೆದಳು.

"ಚೆಲ್ಲಿ ಮರ್ತುಬಿಡು ನಾಯ್ನಾ. ನೀಳ್ಳು ಪೊಯ್ಯೊದ್ದು. ನೀರು ಹಾಕ್ಬ್ಯಾಡ, ತಿಳೀತಾ?"

ತೆಲುಗಿನಲ್ಲೂ ತಿಳಿಯಿತು, ಕನ್ನಡದಲ್ಲೂ ತಿಳಿಯಿತು. ಮನೆ ಪಕ್ಕದ ಹತ್ತು ಗುಂಟೆಯಲ್ಲಿ ಬೀಜ ಚೆಲ್ಲಿದ. ಮೊಳಕೆ ಬಂತು. ಮಳೆ ನಾಲ್ಕು ದಿನ ತಡವಾಯಿತು. ಐದನೆಯ ದಿನ ಗಂಗರತ್ನಮ್ಮ ನೋಡುತ್ತಾಳೆ, ಹತ್ತು ಗುಂಟೆಗೂ ಡ್ರಿಪ್ ಪೈಪು ಎಳೆದಾಗಿದೆ, ಒಂದು ಗೇಣೂ ಬೆಳೆಯದ ಸಸಿಗಳಿಗೆ ಸಾಲಾಗಿ ಕೋಲು ನೆಟ್ಟು ದಾರ ಕಟ್ಟಾಗಿದೆ. ಒಂದೊಂದು ಸಸಿಯೂ ತನಗಿಂತ ನಾಲ್ಕು ಪಟ್ಟು ಎತ್ತರದ ಕೋಲಿಗೆ ಒರಗಿಕೊಂಡು ನಿಂತಿದೆ. ಅವಳು ಮೋಟರ್ ಸ್ಟಾರ್ಟರಿನ ಪೆಟ್ಟಿಗೆಗೆ ಬೀಗ ಜಡಿದು, ಕೀಲಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. ಹೊಲದ ಮೂಲೆಯಲ್ಲಿದ್ದ ಚಪ್ಪಡಿ ಕಲ್ಲಿನ ಮೇಲೆ ಹಗಲೆಲ್ಲ ಕೂತು ಕಾವಲು ಶುರುಮಾಡಿದಳು. ಇನ್ನು ಗಿಡಕ್ಕೆ ನೀರು ಹಾಕುವುದಿಲ್ಲ ಎಂದು ಅವನು ಅವಳ ತಲೆ ಮುಟ್ಟಿ ಆಣೆ ಇಡಬೇಕಾಯಿತು.

ನಿದ್ದೆಗೆಂದು ಬೆಳೆದ ಗಿಡಕ್ಕೆ ಬಾಯಾರಿದೆಯಲ್ಲ ಎಂಬ ಚಿಂತೆಯಲ್ಲಿ, ಗಂಟೆಗೊಮ್ಮೆ ಬರುತ್ತಿದ್ದ ಎಚ್ಚರ ಹೋಗಿ ಪೂರ್ತಿ ರಾತ್ರಿಯೇ ಎಚ್ಚರವಾಯಿತು. ಆಣೆ ಮುರಿಯುವವನಲ್ಲ ಅವನು. ಆದರೆ ಉಂಡ ಮೇಲೆ ಬಾಯಿ ಮುಕ್ಕಳಿಸಬಾರದೆಂದು ಆಣೆಯಲ್ಲಿ ಎಲ್ಲೂ ಇರಲಿಲ್ಲ. ಚೊಂಬು ಹಿಡಿದು ಹೊಲಕ್ಕೆ ಹೋಗಿ, ಒಂದೊಂದು ಗಿಡದ ಬುಡದಲ್ಲಿ ಒಂದೊಂದು ಬಾಯಿ ಮುಕ್ಕಳಿಸಿದ. ಒಂದು ಊಟಕ್ಕೆ ನಲವತ್ತು ಗಿಡ. ದಿನಕ್ಕೆ ನಾಲ್ಕು ಊಟವಾಯಿತು, ಆಮೇಲೆ ಐದಾಯಿತು. ಸ್ನಾನವನ್ನೂ ಹೊಲಕ್ಕೇ ಸಾಗಿಸಿದ, ದಿನಕ್ಕೊಂದು ಸಾಲಿನಲ್ಲಿ. ದವಡೆ ನೋಯತೊಡಗಿದಾಗ ಅವನಿಗೆ ಇನ್ನೊಂದು ಉಪಾಯ ಹೊಳೆಯಿತು.

ಮನೆಗೆ ಬಂದವರಿಗೆ ಕಾಲಿಗೆ ನೀರು ಕೊಡುವುದು ನಮ್ಮ ಕಡೆಯ ಪದ್ಧತಿ. ಆ ನೀರಿನ ಹಂಡೆ ಬಾಗಿಲ ಪಕ್ಕದಿಂದ ಎದ್ದು ಹೊಲದ ಬದುವಿಗೆ ಹೋಗಿ ಕೂತಿತು. ಪೋಸ್ಟಿನವನು ಬಂದ, ಗಿಡದ ಸಾಲಿನಲ್ಲಿ ನಿಂತು ಕಾಲು ತೊಳೆದ. ಮೀಟರ್ ರೀಡಿಂಗಿನವನು ಬೂಟು ಬಿಚ್ಚಿ ತೊಳೆದ. ಲಗ್ನಪತ್ರಿಕೆ ಕೊಡಲು ಬಂದ ಏಳು ಜನರನ್ನು ಏಳು ಸಾಲಿನಲ್ಲಿ ನಿಲ್ಲಿಸಿ, ಬಂದಾಗ ಒಮ್ಮೆ, ಹೊರಡುವಾಗ ಒಮ್ಮೆ ಕಾಲು ತೊಳೆಸಿದ. ಗಂಗರತ್ನಮ್ಮ ಚಪ್ಪಡಿಯ ಮೇಲೆ ಕೂತು ಎಲ್ಲವನ್ನೂ ನೋಡಿದಳು. ಗಂಡನನ್ನು ತಡೆಯಬಹುದು, ಬಂದವರಿಗೆ ಕಾಲಿಗೆ ನೀರು ಕೊಡಬೇಡ ಎಂದು ಯಾವ ಬಾಯಲ್ಲಿ ಹೇಳುವುದು? ಆ ಒಂದು ಮಾತು ಅವಳ ಕೈಲಿ ಆಗಲಿಲ್ಲ. ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು, ಕಳ್ಳನಿಗೆ.

ನಾಲ್ಕನೆಯ ಬೀದಿಯ ಬೈರಮ್ಮ ಹೀಗೆ ಕಾಲು ತೊಳೆದುಹೋದ ವಾರದಲ್ಲಿ ಅವಳ ಹಿಮ್ಮಡಿಯ ಒಡಕು ಮುಚ್ಚಿಕೊಂಡಿತಂತೆ. ಔಷಧಿ ಗಿಡದ ಮಣ್ಣು, ಮತ್ತೇನಾಗುತ್ತದೆ ಎಂದರು ಊರವರು. ಆಮೇಲೆ ಕೇಳಬೇಡಿ. ಮಂಗಳವಾರ ಶುಕ್ರವಾರಗಳಂದು ಮುಳಬಾಗಿಲಿನಿಂದ ಆಟೋ ಮಾಡಿಕೊಂಡು ಜನ ಬಂದರು. ಸರದಿ ನಿಂತರು. ಕೆಲವರು ತಮ್ಮ ನೀರನ್ನು ತಾವೇ ಬಿಂದಿಗೆಯಲ್ಲಿ ಹೊತ್ತು ತಂದರು. ನಡೆಯಲಾಗದ ಒಬ್ಬ ಮುದುಕನ ಎರಡು ಚಪ್ಪಲಿಗಳನ್ನು ಮಾತ್ರ ಮೊಮ್ಮಗಳು ತಂದು ತೊಳೆದುಕೊಂಡು ಹೋದಳು. ಮುನಿಕೃಷ್ಣಪ್ಪ ಕೈಕಟ್ಟಿ ನಿಂತು, ಇವತ್ತು ಹನ್ನೊಂದನೆಯ ಸಾಲಿಗೆ ಯಾರೂ ಹೋಗಿಲ್ಲ, ದಯವಿಟ್ಟು ಆ ಕಡೆ ಹೋಗಿ ಎಂದು ವಿನಯದಿಂದ ಕೇಳಿಕೊಳ್ಳುತ್ತಿದ್ದ. ಹನ್ನೊಂದನೆಯ ಸಾಲಿನಲ್ಲಿ ಮಂಡಿನೋವು ಬೇಗ ಹೋಗುತ್ತದೆ ಎಂದು ಅದಕ್ಕೊಂದು ಪ್ರತೀತಿ ಹುಟ್ಟಿತು.

ಗಿಡಗಳು ಸೊಂಟದೆತ್ತರ ಬೆಳೆದವು, ಎದೆಯೆತ್ತರ ಬೆಳೆದವು, ನೆಟ್ಟ ಕೋಲನ್ನೂ ದಾಟಿದವು. ಕಾಯಿಯ ತೆಳ್ಳನೆಯ ಸಿಪ್ಪೆ ಬಿಡಿಸಿ ನೋಡಿದರೆ ಒಳಗೆ ಬಟಾಣಿಯಷ್ಟು ಕೆಂಪು ಹಣ್ಣು. ನೋಡು, ಇದು ನಮ್ಮ ಟೊಮೆಟೊ ಕುಲವೇ, ನೀರಿಲ್ಲದೆ ಹೇಗಿರುತ್ತದೆ ಎಂದು ಹೆಂಡತಿಗೆ ತೋರಿಸಿ ಅವನು ಹಿಗ್ಗಿದ. ಅವಳು ಬಾಗಿಲ ಹಿಂದಿನ ಗಂಟಿನ ಧೂಳು ಕೊಡವಿ ಇಟ್ಟಳು.

ಡಿಸೆಂಬರ್ ಕೊನೆಗೆ ರಾಮಲಕ್ಷ್ಮಮ್ಮ ಬೆಳೆ ನೋಡಲು ರಾಯಲ್ಪಾಡಿನಿಂದ ಬಂದಳು. ಅವಳಿಗೂ ಕಾಲು ತೊಳೆಯಲು ಚೊಂಬು ಕೊಟ್ಟ. ಮುದುಕಿ ಚೊಂಬನ್ನು ಕೆಳಗಿಟ್ಟು, ಎದೆಯೆತ್ತರದ ಒಂದು ಗಿಡ ಹಿಡಿದು ಎಳೆದಳು. ಗಿಡ ಊಟಕ್ಕೆ ಕರೆದ ಅತಿಥಿಯಂತೆ ಎದ್ದು ಬಂತು. ಕೆಳಗೆ ಬೇರು ಎಲ್ಲಿದೆ ಎಂದು ಹುಡುಕಬೇಕಾಯಿತು. ಹೂ ಕಟ್ಟುವ ದಾರದಂಥದು ಒಂದು ಎಳೆ.

"ನೀರು ಹುಡ್ಕೊಂಡು ಹೋಗೋ ಅಷ್ಟು ಬಾಯಾರೋಕೇ ಬಿಟ್ಟಿಲ್ಲ ನೀನು ಅದನ್ನ. ಇನ್ಯಾಕೆ ಬೇರು ಬಿಡ್ತದೆ?" ಎಂದಳು.

ಚಪ್ಪಡಿಯ ಮೇಲಿನಿಂದ ಗಂಗರತ್ನಮ್ಮ, "ಇದ್ನೇ ಹೇಳೋಕೆ ನಂಗೆ ಮೂವತ್ತು ವರ್ಷದಿಂದ ಬಾಯಿ ಬರ್ಲಿಲ್ಲ ನೋಡಜ್ಜಿ" ಎಂದಳು. ಅವಳು ನಗಲಿಲ್ಲ. ಮುನಿಕೃಷ್ಣಪ್ಪನಿಗೆ ಆ ಮಾತು ಗಿಡದ ಬಗ್ಗೆ ಅಲ್ಲವೆಂದು ತಿಳಿಯಿತು, ತಿಳಿದು ತುಂಬ ನೋವಾಯಿತು.

ಎರಡು ದಿನದಲ್ಲಿ ಹತ್ತು ಗುಂಟೆಯನ್ನೂ ಕಿತ್ತ. ಬೇರೆಂದು ಬಂದದ್ದೆಲ್ಲ ದಾರ, ದಾರ, ದಾರ. ಕೊನೆಗೆ ಉಳಿದದ್ದು ಚಪ್ಪಡಿ ಕಲ್ಲಿನ ಅಂಚಿನಲ್ಲಿ, ಮೊಣಕಾಲೆತ್ತರವೂ ಇಲ್ಲದ, ಎಲೆ ಹಳದಿಯಾದ ಒಂದು ಬಡಕಲು ಗಿಡ. ಹೆಂಡತಿಯ ಭಯಕ್ಕೆ ಆ ಮೂಲೆಗೆ ಅವನು ಚೊಂಬನ್ನೂ ಒಯ್ದಿರಲಿಲ್ಲ, ಜನರನ್ನೂ ಬಿಟ್ಟಿರಲಿಲ್ಲ. ಎಳೆದರೆ ಬರಲಿಲ್ಲ. ಹಾರೆ ಹಾಕಿ ಅಗೆಯಬೇಕಾಯಿತು. ಹೆಬ್ಬೆರಳ ಗಾತ್ರದ ಬೇರು, ಗೇಣುದ್ದ, ನೆಟ್ಟಗೆ. ಅಶ್ವಗಂಧ ಕುದುರೆಯ ವಾಸನೆ ಬರಬೇಕು ಎನ್ನುತ್ತಾರೆ. ಮೂಸಿ ನೋಡಿದ. ಅವನು ಹತ್ತಿರದಿಂದ ಕಂಡ ಒಂದೇ ಕುದುರೆ ಮುಳಬಾಗಿಲಿನ ಮದುವೆಯಲ್ಲಿ ಗಂಡನ್ನು ಹೊತ್ತದ್ದು, ಅದಕ್ಕೂ ಸೆಂಟು ಹೊಡೆದಿದ್ದರು. ಇರಬಹುದು ಎಂದುಕೊಂಡು ಬೇರನ್ನು ಹೆಂಡತಿಯ ಕೈಗೆ ಕೊಟ್ಟ.

ಆಮೇಲೆ ತಿರುಗಿ ಹೊಲ ನೋಡಿದ. ಬರೀ ಕೆಂಪು ಮಣ್ಣು. ಬಾಯಾರಿದ್ದು ಯಾವುದೂ ಇರಲಿಲ್ಲ. ಇನ್ನು ಯಾರನ್ನು ವಿಚಾರಿಸಿಕೊಳ್ಳುವುದೆಂದು ತೋಚದೆ ಚಪ್ಪಡಿಯ ಮೇಲೆ ಕೂತ. ಕೂತವನು ಒರಗಿದ. ಒರಗಿದವನು ಮಟಮಟ ಮಧ್ಯಾಹ್ನದಲ್ಲಿ, ಹಾರೆ ಕೈಲಿ ಹಿಡಿದಂತೆಯೇ, ಗೊರಕೆ ಹೊಡೆಯತೊಡಗಿದ.

ಆ ಹೊತ್ತಿಗೆ ಸರಿಯಾಗಿ ಮುಳಬಾಗಿಲಿನಿಂದ ಒಂದು ಆಟೋ ತುಂಬ ಹೆಂಗಸರು ಬಂದಿಳಿದರು. ಗಂಗರತ್ನಮ್ಮ ಓಡಿಹೋಗಿ ಎರಡೂ ಕೈ ಅಡ್ಡ ಹಿಡಿದಳು. ಹುಟ್ಟಿದಾಗಿನಿಂದ ಮಾಡದ ಕೆಲಸ, ಬಂದವರನ್ನು ಕಾಲಿಗೆ ನೀರು ಕೊಡದೆ ವಾಪಸು ಕಳಿಸಿದಳು.

ಬೇರು ನೆರಳಿನಲ್ಲಿ ಒಣಗಲು ಹತ್ತು ದಿನ ಬೇಕಿತ್ತು. ಆ ಹತ್ತು ರಾತ್ರಿಯೂ ಮುನಿಕೃಷ್ಣಪ್ಪ ಮಲಗಿದ ಮಗ್ಗುಲಲ್ಲೇ ಎದ್ದ. ಗಂಗರತ್ನಮ್ಮನಿಗೆ ಮಾತ್ರ ಏನೋ ಕಳೆದುಕೊಂಡಂತೆ. ಈಗ ತಟ್ಟುತ್ತಾನೆ, ಈಗ ಕೇಳುತ್ತಾನೆ ಎಂದು ಕಾದು ಕಾದು ಕಣ್ಣು ಉರಿಯುತ್ತಿತ್ತು. ಹತ್ತನೆಯ ರಾತ್ರಿ ತಡೆಯಲಾರದೆ ಅವಳೇ ಅವನನ್ನು ತಟ್ಟಿದಳು.

"ರೀ, ಮೋಟ್ರು ಆಫ್ ಮಾಡಿದ್ರಾ?"

"ಕೀಲಿ ನಿನ್ ಸೆರಗಲ್ಲೇ ಐತಲ್ಲ, ಮಲ್ಕೊಳ್ಳೇ" ಎಂದು ಅವನು ಕಣ್ಣು ತೆರೆಯದೆ ಮಗ್ಗುಲು ಬದಲಿಸಿದ.

ಅದು ಸಂಕ್ರಾಂತಿಯ ಹಿಂದಿನ ರಾತ್ರಿ. ಬೆಳಗ್ಗೆ ಅವನೆದ್ದು ನೋಡಿದರೆ ಗೂಡಿನಲ್ಲಿಟ್ಟಿದ್ದ ಬೇರು ಅರ್ಧವಾಗಿತ್ತು. ಒರಳು ಕಲ್ಲಿನ ಪಕ್ಕ ಹಾಲಿನ ಲೋಟ ಖಾಲಿ ಬಿದ್ದಿತ್ತು. ಬಾಗಿಲ ಹಿಂದಿನ ಗಂಟು ಬಿಚ್ಚಿತ್ತು. ಹೊತ್ತು ಹುಟ್ಟಿ ಅಂಗಳಕ್ಕೆ ಬಿಸಿಲು ಬಂದಿದ್ದರೂ ಗಂಗರತ್ನಮ್ಮ ಆ ಚಾಪೆಯ ಮೇಲೆ, ಆ ದಿಂಬಿಗೆ ತಲೆಯಿಟ್ಟು, ಬಾಯಿ ತೆರೆದು ನಿದ್ದೆ ಮಾಡುತ್ತಿದ್ದಳು. ಮುನಿಕೃಷ್ಣಪ್ಪನಿಗೆ ಅವಳ ಮೇಲೆ ತುಂಬ ಪ್ರೀತಿ ಬಂತು. ಎದ್ದರೆ ಬಾಯಾರಿರುತ್ತದೆ ಎಂದು ಒಂದು ಚೊಂಬು ನೀರು ತಂದು ತಲೆಯ ಹತ್ತಿರ ಕೂತ. ಚೆನ್ನಾಗಿ ನಿದ್ದೆ ಬಂತಾ ಎಂಬ ಮಾತು ನಾಲಿಗೆಯ ತುದಿಗೆ ಬಂತು, ಕೈ ಅವಳ ಭುಜದವರೆಗೆ ಹೋಯಿತು.

ಅಲ್ಲೇ ನಿಂತಿತು. ಕೈ ಹಿಂದಕ್ಕೆ ತೆಗೆದುಕೊಂಡು, ಸದ್ದಾಗದಂತೆ ಚೊಂಬಿನ ನೀರನ್ನು ತಾನೇ ಕುಡಿದು, ಬಾಗಿಲು ಮುಂದೆ ಮಾಡಿಕೊಂಡು ಹೊರಗೆ ಹೋದ.