ಅವ್ವ ಬೆಳಗದೆ ಬಿಟ್ಟ ಬಿಲ್ಲೆ

ಕದರಮ್ಮನಿಗೆ ಎಂಬತ್ತು ದಾಟಿದೆ. ತುಮಕೂರಿನ ಸದಾಶಿವನಗರದಲ್ಲಿ ಮಗ ಅಶ್ವಥ್, ಸೊಸೆ ಆಶಾರಾಣಿಯ ಜೊತೆ ಇದ್ದಾಳೆ. ಅಡುಗೆಮನೆ, ಬೀರುವಿನ ಬೀಗದಕೈ, ಟಿವಿ ರಿಮೋಟು ಎಲ್ಲವನ್ನೂ ಸೊಸೆಗೆ ಬಿಟ್ಟುಕೊಟ್ಟವಳು ದೇವರ ಸಾಮಾನು ಬೆಳಗುವುದನ್ನು ಮಾತ್ರ ಯಾರಿಗೂ ಬಿಟ್ಟಿರಲಿಲ್ಲ. ಶುಕ್ರವಾರ ಬಂತೆಂದರೆ ಹುಣಸೆಹಣ್ಣು, ಇಟ್ಟಿಗೆ ಪುಡಿ ಹಿಡಿದು ಹಿತ್ತಲ ನಲ್ಲಿ ಹತ್ತಿರ ಕೂತುಬಿಡುತ್ತಿದ್ದಳು. ಅವಳು ಬೆಳಗಿದ ಚೊಂಬಿನಲ್ಲಿ ಮುಖ ನೋಡಿಕೊಂಡು ಕುಂಕುಮ ಇಟ್ಟುಕೊಳ್ಳಬಹುದಿತ್ತು. ಅಕ್ಕಪಕ್ಕದವರು ಹೊಗಳಿದರೆ "ಅಯ್ಯೋ, ಅದೇನ್ ಮಹಾ" ಅನ್ನುತ್ತಿದ್ದಳು, ಒಳಗೊಳಗೇ ಉಬ್ಬುತ್ತಿದ್ದಳು.

ಆ ಸಾಮಾನಿನ ಜೊತೆ ಒಂದು ಬಿಲ್ಲೆಯೂ ಇರುತ್ತಿತ್ತು. ಅವಳಪ್ಪ ಗಂಗಹನುಮಯ್ಯ ಗುಬ್ಬಿ ತಾಲ್ಲೂಕಿನ ಹಾಗಲವಾಡಿಯಿಂದ ಎರಡನೇ ಮಹಾಯುದ್ಧಕ್ಕೆ ಹೋದವನು. ಬರ್ಮಾ ಕಡೆ ಮಿಲಿಟರಿ ಲಾರಿ ಓಡಿಸುತ್ತಿದ್ದನಂತೆ. ಅಲ್ಲೇ ಸತ್ತ. ಹೆಣ ಬರಲಿಲ್ಲ, ಫೋಟೋ ಅಂತೂ ಮೊದಲೇ ಇರಲಿಲ್ಲ. ಯುದ್ಧ ಮುಗಿದ ಎಷ್ಟೋ ದಿನದ ಮೇಲೆ ಟಪಾಲಿನಲ್ಲಿ ಈ ಪದಕ ಬಂತು. ಕೂಸಾಗಿದ್ದಾಗ ಬಿಟ್ಟುಹೋದ ಅಪ್ಪ ಅಂದರೆ ಕದರಮ್ಮನಿಗೆ ಇದೇ.

ಅವಳವ್ವ ಬಿಲ್ಲೆಯನ್ನು ಬೆಳಗುತ್ತಲೇ ಇರಲಿಲ್ಲ, ಕರ್ರಗೆ ಬಿಟ್ಟಿದ್ದಳು. ಸಂಜೆ ದೀಪ ಹಚ್ಚಿ, ಅದರ ಅಂಚಿನ ಮೇಲೆ ಹೆಬ್ಬೆರಳು ಆಡಿಸುತ್ತ ಸುಮ್ಮನೆ ಕೂರುವಳು. ಮಗಳು ಹುಣಸೆಹಣ್ಣು ತಂದರೆ, "ಉಜ್ಜಬೇಡ ಕಣೇ, ಅಂಚು ಸವೀತದೆ" ಅನ್ನುವಳು. ಅಂಚು ಸವೆದರೆ ಯಾರ ಗಂಟು ಹೋಗುತ್ತೆ? ಅವ್ವನಿಗೆ ಮೈಗಳ್ಳತನ ಅಂದುಕೊಂಡಳು ಕದರಮ್ಮ. ಅವ್ವ ಹೋಗಿ, ಸೂತಕ ಕಳೆದ ಮೊದಲ ಶುಕ್ರವಾರವೇ ಬಿಲ್ಲೆಯನ್ನು ತಿಕ್ಕಿ ಥಳಥಳ ಮಾಡಿದಳು. ಅರಿಶಿನದ ದಾರ ಸುತ್ತಿ ದೇವರ ಗೂಡಿನಲ್ಲಿಟ್ಟಳು. ಆಮೇಲೆ ಒಂದು ವಾರವೂ ತಪ್ಪಿಸಿದವಳಲ್ಲ. ದಾರ ಬಿಚ್ಚದೆಯೇ ತಿಕ್ಕುವಳು, ಅದು ಹಳೆಯದಾದಾಗ ಅದೇ ಜಾಗಕ್ಕೆ ಹೊಸದು ಸುತ್ತುವಳು.

ಹೋದ ತಿಂಗಳು ಕಾಲೇಜಿನ ಮೇಡಂ ಪ್ರೇಮಲತಾ ಮನೆಗೆ ಬಂದರು. ಗುಬ್ಬಿ, ಕುಣಿಗಲ್ ಕಡೆಯಿಂದ ಮಹಾಯುದ್ಧಗಳಿಗೆ ಹೋದವರ ನೆನಪಿಗೆ ಒಂದು ಪ್ರದರ್ಶನ ಇಡುತ್ತಿದ್ದರು. ಕದರಮ್ಮ ಕಾಫಿ ಕೊಡಿಸಿ, ಬಿಲ್ಲೆಯನ್ನು ತಟ್ಟೆಯಲ್ಲಿಟ್ಟು ತಂದಳು.

"ಎಷ್ಟು ಚೆನ್ನಾಗಿ ಇಟ್ಕೊಂಡಿದೀರಮ್ಮ!" ಅಂದರು ಮೇಡಂ. "ಇದ್ರ ಅಂಚಿನ ಮೇಲೆ ಅವ್ರ ನಂಬರು, ಹೆಸ್ರು ಒತ್ತಿರ್ತಾರೆ. ನೋಡ್ಲಾ?"

ಬಿಲ್ಲೆ ತಿರುಗಿಸಿದರು. ಕಿಟಕಿಗೆ ಹಿಡಿದರು. ಅಂಚು ಗೋಲಿಯ ಹಾಗೆ ನುಣ್ಣಗಿತ್ತು. ದಾರ ಬಿಚ್ಚಿದಾಗ ಅದರಡಿ ಎರಡು ಇಂಗ್ಲಿಷ್ ಅಕ್ಷರ ಕಂಡವು. "ಇಷ್ಟು ಉಳ್ಕೊಂಡಿದೆ. ಮಿಕ್ಕಿದ್ದೆಲ್ಲ ಸವೆದೋಗಿದೆ" ಅಂದರು, ಮೆಲ್ಲಗೆ.

"ಹೆಸ್ರಾ? ನಮ್ಮಪ್ಪುಂದಾ?"

"ಹೂಂ ಅಮ್ಮ."

ಕದರಮ್ಮ ಬಿಲ್ಲೆಯನ್ನು ಮೇಡಂ ಕೈಯಿಂದ ಇಸಿದುಕೊಂಡಳು. ಅವ್ವನಿಗೂ ಓದು ಬರುತ್ತಿರಲಿಲ್ಲ. ಟಪಾಲು ತಂದವನು ತೋರಿಸಿರಬೇಕು, ಇಗೋ ತಾಯಿ, ನಿನ್ನ ಗಂಡನ ಹೆಸರು ಅಂತ. ಅವ್ವ ಸಾಯುವವರೆಗೂ ಗಂಡನ ಹೆಸರನ್ನು ಬಾಯಲ್ಲಿ ಹೇಳಿದವಳಲ್ಲ. ರೇಷನ್ ಅಂಗಡಿಯಲ್ಲಿ ಕೇಳಿದರೂ ಮಗಳ ಕಡೆ ತಿರುಗಿ "ನೀನೇಳೇ" ಅನ್ನುವಳು. ದಿನಾ ಸಂಜೆ ಅವಳು ಆ ಹೆಸರನ್ನು ಹೆಬ್ಬೆರಳಿನಲ್ಲಿ ಹೇಳಿಕೊಳ್ಳುತ್ತಿದ್ದಳು. ಅದನ್ನು ಮಗಳು ಹುಣಸೆಹಣ್ಣು ಹಾಕಿ ತೊಳೆದು ಚರಂಡಿಗೆ ಬಿಟ್ಟಿದ್ದಳು.

"ಗೊತ್ತಿಲ್ದೆ ಆಗೋಯ್ತು, ಬುಡವ್ವ" ಅಂದ ಅಶ್ವಥ್. "ಶಿರಾ ಗೇಟ್ ಹತ್ರ ಹೆಸ್ರು ಕೆತ್ತೋರು ಅವ್ರೆ. ಹೊಸದಾಗಿ ಹಾಕುಸ್ಕೊಂಡ್ ಬರ್ತೀನಿ."

"ಗೊತ್ತಿಲ್ದೆ ಏನ್ಲಾ?" ಕದರಮ್ಮ ಹರಿಹಾಯ್ದಳು. "ಬ್ಯಾಡ ಅಂತ ಬಾಯ್ಬುಟ್ಟು ಹೇಳಿದ್ಲು ಕಣೋ! ನಾನೇ ಅವ್ವುನ್ನ ಮೈಗಳ್ಳಿ ಅಂದ್ಕಂಡೆ. ಕೆತ್ತುಸ್ಬುಟ್ರೆ ಅವ್ವ ಮುಟ್ಟಿದ್ದು ಬತ್ತದಾ?"

ಹೆಸರನ್ನು ಚೀಟಿಯಲ್ಲಿ ಬರೆದು ಪಕ್ಕದಲ್ಲಿಡುತ್ತೇನೆ, ಪ್ರದರ್ಶನದ ದಿನ ಬಂದು ಬಿಲ್ಲೆ ಒಯ್ಯುತ್ತೇನೆ ಎಂದು ಹೇಳಿ ಮೇಡಂ ಹೊರಟರು.

ಮುಂದಿನ ಶುಕ್ರವಾರ ದೇವರ ಸಾಮಾನನ್ನು ಆಶಾರಾಣಿ ಬೆಳಗಿದಳು. ಅತ್ತೆ ಬೇಡ ಅನ್ನಲಿಲ್ಲ. ಸಂಜೆ ದೀಪದ ಮುಂದೆ ಕೂತು ಕದರಮ್ಮ ಬಿಲ್ಲೆಯ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದಳು. ಬೆರಳು ಜಾರುತ್ತಲೇ ಹೋಯಿತು, ದಾರವಿದ್ದ ಜಾಗದಲ್ಲಿ ಮಾತ್ರ ಒಂದಿಷ್ಟು ತಡೆಯಿತು. ಅಪ್ಪನ ಹೆಸರನ್ನು ಗಟ್ಟಿಯಾಗಿ ಹೇಳಲು ಮಗಳಿಗೇನೂ ಅಡ್ಡಿಯಿಲ್ಲ. ಕದರಮ್ಮನಿಗೆ ಬಾಯಿ ಬರಲಿಲ್ಲ.