ಆರುನೂರಕ್ಕೆ ಬರೆದ ಮುಖ

ಒಳ್ಳೆಯವಳು ಅನ್ನಿಸಿಕೊಳ್ಳುವ ಚಟ ಬಹಳ ಕೆಟ್ಟದ್ದು. ಕುಡಿಯುವ ಚಟವಾದರೆ ಮನೆಯವರಾದರೂ ಬೈದು ಬಿಡಿಸುತ್ತಾರೆ, ಇದಕ್ಕೆ ಊರೆಲ್ಲ ಭೇಷ್ ಅನ್ನುತ್ತದೆ. ನನಗೆ ಅದು ಹತ್ತಿದ್ದು ಆಳಂದದ ನಮ್ಮ ಮನೆಯಲ್ಲಿ, ಪೆನ್ಸಿಲ್ ಹಿಡಿದು ಜನರ ಮುಖ ಬರೆಯತೊಡಗಿದಾಗ. ಮೊಬೈಲಿನಲ್ಲಿ ಒಂದು ಪೇಜು ಮಾಡಿಕೊಂಡಿದ್ದೆ. ಯಾರಾದರೂ ಫೋಟೊ ಕಳಿಸಿದರೆ ಅದನ್ನು ನೋಡಿ ಚಿತ್ರ ಬರೆದು, ರಟ್ಟಿನ ನಡುವೆ ಇಟ್ಟು ಅಂಚೆಗೆ ಹಾಕುತ್ತಿದ್ದೆ. ಒಂದು ಮುಖಕ್ಕೆ ಆರುನೂರು ರೂಪಾಯಿ.

ಕಾಗದ, ಪೆನ್ಸಿಲ್, ರಟ್ಟು, ಅಂಚೆಯ ಖರ್ಚು, ಅದರ ಮೇಲೆ ಚೂರುಪಾರು. ಅಷ್ಟೇ ಆ ಆರುನೂರು. ಒಂದು ಮುಖಕ್ಕೆ ಹಿಡಿಯುವ ನನ್ನ ಎರಡು ದಿನಕ್ಕೆ ನಾನು ಬೆಲೆಯನ್ನೇ ಇಟ್ಟಿರಲಿಲ್ಲ. ಮನೆಯಲ್ಲಿ ತೊಗರಿಬೇಳೆ ವ್ಯಾಪಾರ, ಊಟಕ್ಕೆ ಕೊರತೆ ಇರಲಿಲ್ಲ. ನನ್ನ ಗಂಡ ಬಜಾರದ ದರಕ್ಕಿಂತ ಒಂದು ರೂಪಾಯಿ ಕಡಿಮೆಗೆ ಒಂದು ಕಿಲೊ ಬೇಳೆ ಕೊಟ್ಟವರಲ್ಲ. ಕೊಟ್ಟರೆ ಪಕ್ಕದ ಅಂಗಡಿಯವನ ಹೊಟ್ಟೆಯ ಮೇಲೆ ಹೊಡೆದಂತೆ ಅನ್ನುವುದು ಅವರ ಮಾತು. ದಿನಾ ಕೇಳುತ್ತಿದ್ದೆ. ಆದರೆ ಅದು ಚಿತ್ರಕ್ಕೂ ಸಲ್ಲುವ ಮಾತು ಅಂತ ನನ್ನ ತಲೆಗೆ ಹೋಗಲಿಲ್ಲ. ವಿದ್ಯೆ ಶಿವ ಕೊಟ್ಟದ್ದು, ಅದಕ್ಕೆ ಹೆಚ್ಚು ರೊಕ್ಕ ತಗೊಳ್ಳಬಾರದು, ಇದೂ ಒಂದು ದಾಸೋಹವೇ ಅಂತ ನನ್ನ ಲೆಕ್ಕ. ಎಷ್ಟು ದೊಡ್ಡ ಮನಸ್ಸು ಮೇಡಂ ಅಂತ ಜನ ಪೇಜಿನಲ್ಲಿ ಬರೆದರೆ ನಾಲ್ಕು ನಾಲ್ಕು ಸಲ ಓದುತ್ತಿದ್ದೆ.

ಖರೇ ಹೇಳಬೇಕೆಂದರೆ ಆ ವಿದ್ಯೆ ಕೊಟ್ಟದ್ದು ಶಿವನಲ್ಲ, ಜೇವರ್ಗಿಯ ಅಕ್ಕ. ಒಡಹುಟ್ಟಿದವಳಲ್ಲ, ನನಗೆ ಚಿತ್ರ ಕಲಿಸಿದವಳು. ಮದುವೆಯಾಗಿರಲಿಲ್ಲ. ವಯಸ್ಸಾದ ತಾಯಿಯ ಜೊತೆ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದಳು. ಬಾಡಿಗೆ, ತಾಯಿಯ ಔಷಧಿ, ಒಲೆ, ಎಲ್ಲ ನಡೆಯುತ್ತಿದ್ದದ್ದು ಅವಳ ಪೆನ್ಸಿಲಿನ ಮೇಲೆ. ಅವಳಿಗೂ ಆರ್ಡರ್ ಬರುತ್ತಿದ್ದದ್ದು ಮೊಬೈಲಿನಲ್ಲೇ. ಒಂದು ಮುಖಕ್ಕೆ ಮೂರೂವರೆ ಸಾವಿರ ಅನ್ನುತ್ತಿದ್ದಳು, ಅದರಿಂದ ಕೆಳಗೆ ಇಳಿಯುತ್ತಿರಲಿಲ್ಲ. ಎರಡು ವರ್ಷ ಪ್ರತಿ ಭಾನುವಾರ ಕಲಬುರಗಿಯಲ್ಲಿ ಬಸ್ಸು ಬದಲಿಸಿ ಅವಳ ಮನೆಗೆ ಹೋಗಿ ಕಲಿತೆ. ನನ್ನಿಂದಲೂ ಫೀಸು ತಗೊಳ್ಳುತ್ತಿದ್ದಳು, ಒಂದು ವಾರ ಮರೆತರೆ ನೆನಪು ಮಾಡುತ್ತಿದ್ದಳು. ರೊಕ್ಕದ ಹೆಂಗಸು ಅಂತ ಒಳಗೊಳಗೇ ಅಂದುಕೊಂಡಿದ್ದೆ. ಥೂ ನನ್ನ ಬುದ್ಧಿಗಿಷ್ಟು!

ಅವಳ ಹತ್ತಿರ ಬರುತ್ತಿದ್ದ ಆರ್ಡರುಗಳಲ್ಲಿ ಹೆಚ್ಚಿನವು ತೀರಿಕೊಂಡ ಹಿರಿಯರವು. ನಮ್ಮ ಕಡೆ ಎಷ್ಟೋ ಅಜ್ಜಿಯರಿಗೆ ಆಧಾರ್ ಕಾರ್ಡಿನದು ಬಿಟ್ಟರೆ ಬೇರೆ ಫೋಟೊನೇ ಇರುವುದಿಲ್ಲ. ಅದರಲ್ಲಿ ಎಲ್ಲರೂ ಪೊಲೀಸರು ಹಿಡಿದು ತಂದವರ ಹಾಗೆ ಕಾಣುತ್ತಾರೆ. ಅದಕ್ಕೇ ಅಕ್ಕ ಮನೆಯವರ ಜೊತೆ ಫೋನಿನಲ್ಲಿ ಒಂದೊಂದು ತಾಸು ಮಾತಾಡುತ್ತಿದ್ದಳು. ಹೇಗೆ ನಗುತ್ತಿದ್ದರು, ಸಿಟ್ಟು ಬಂದರೆ ಹುಬ್ಬು ಏನಾಗುತ್ತಿತ್ತು, ಸೆರಗು ಹೇಗೆ ಹೊದೆಯುತ್ತಿದ್ದರು. ಆಮೇಲೆ ಸಣ್ಣ ಹಾಳೆಯಲ್ಲಿ ಒಂದು ಕಚ್ಚಾ ಚಿತ್ರ ಬರೆದು ಅದರ ಫೋಟೊ ಕಳಿಸುತ್ತಿದ್ದಳು. ಅವರು ಹೇಳಿದ್ದನ್ನು ತಿದ್ದಿ, ಅವರು ಒಪ್ಪಿದ ಮೇಲೆಯೇ ಮುಂಗಡ, ಆಮೇಲೆಯೇ ದೊಡ್ಡ ಹಾಳೆ. ನಾನು ಮುಖ ಬರೆಯುವುದನ್ನಷ್ಟೇ ಕಲಿತಿದ್ದೆ, ಗಿರಾಕಿಗಳ ಜೊತೆ ಮಾತಾಡುವ ಪಾಠ ಇನ್ನೂ ಬಂದಿರಲಿಲ್ಲ. ಅಷ್ಟರಲ್ಲಿ ಕರೋನಾ ಬಂತು, ಬಸ್ಸು ನಿಂತವು, ಪಾಠವೂ ನಿಂತಿತು.

ಪೇಜು ಶುರು ಮಾಡಿದ್ದು ಆಮೇಲೆ. ಅಕ್ಕನಿಗೆ ಫೋನು ಮಾಡಿ ಹೇಳಿದೆ, ಖುಷಿಪಟ್ಟಳು. ದರ ಎಷ್ಟಿಟ್ಟಿ ಅಂತ ಕೇಳಿದಳು. ಹೇಳಿದೆ.

"ನಿನಗ ಅದು ಹವ್ಯಾಸ ಬೇ, ನನಗ ಅದು ಊಟ. ಜರಾ ನೋಡಿ ಇಡು," ಅಂದಳು.

ನಾನು ನೋಡಲಿಲ್ಲ. ಅಕ್ಕನಿಗೆ ಹೊಟ್ಟೆಕಿಚ್ಚು ಅಂದುಕೊಂಡೆ.

ಮುಂದಿನ ವರ್ಷ ಅಫಜಲಪುರ ತಾಲೂಕಿನ ಗೊಬ್ಬೂರಿನಿಂದ ಒಬ್ಬ ಹೆಣ್ಣುಮಗಳ ಸಂದೇಶ ಬಂತು. ಅವಳ ಅವ್ವ ತೀರಿಕೊಂಡು ಮೂರು ತಿಂಗಳಾಗಿತ್ತು. ಎರಡು ಫೋಟೊ ಕಳಿಸಿದ್ದಳು. ಒಂದು ಆಧಾರ್ ಕಾರ್ಡಿನದು. ಇನ್ನೊಂದು ಯಾರೋ ಬರೆದ ಪೆನ್ಸಿಲ್ ಚಿತ್ರದ್ದು. ಇದರಂತೆಯೇ ದೊಡ್ಡದಾಗಿ ಬರೆದುಕೊಡಿ, ಇದನ್ನು ಬರೆದವರ ರೇಟು ನಮ್ಮ ಕೈಗೆ ನಿಲುಕಲಿಲ್ಲ, ಅಷ್ಟರಲ್ಲಿ ನಿಮ್ಮ ಪೇಜು ಕಂಡಿತು ಅಂತ ಬರೆದಿದ್ದಳು.

ಯಾರೋ ಅಂದೆನಲ್ಲ, ಸುಳ್ಳು. ನೋಡಿದ ಕೂಡಲೇ ಗೊತ್ತಾಗಿತ್ತು. ಬೈತಲೆಯಿಂದ ಕೂದಲು ಎಳೆದ ರೀತಿ, ತುಟಿಯ ಮೂಲೆಯಲ್ಲಿ ಬಿಟ್ಟ ಬಿಳಿ, ಅದು ಅಕ್ಕನ ಕೈ. ಆಧಾರ್ ಕಾರ್ಡಿನ ಆ ಬಿಗಿದ ಮುಖದೊಳಗಿನಿಂದ ಒಬ್ಬ ಜೀವಂತ ಅವ್ವನನ್ನು ಹೊರಗೆ ಕರೆದಿದ್ದಳು. ಸೆರಗು ತಲೆತುಂಬ ಹೊದ್ದು, ಈಗಷ್ಟೇ ಏನೋ ತಮಾಷೆ ಮಾಡಿ ಸುಮ್ಮನಾದ ಮುದುಕಿ. ಒಂದು ತಾಸಿನ ಮಾತು, ಒಂದು ದಿನದ ಕೆಲಸ ಅದರಲ್ಲಿತ್ತು. ಅದಕ್ಕೆ ಅಕ್ಕನಿಗೆ ಒಂದು ಪೈಸೆಯೂ ಬಂದಿರಲಿಲ್ಲ.

ಒಂದು ಫೋನು ಮಾಡಬಹುದಿತ್ತು. ಇಲ್ಲವೇ ಇದನ್ನು ಬರೆದವರಿಂದಲೇ ಬರೆಸಿಕೊಳ್ಳಿ ಅಂತ ಆ ಹೆಣ್ಣುಮಗಳಿಗೆ ಹೇಳಬಹುದಿತ್ತು. ಎರಡನ್ನೂ ಮಾಡಲಿಲ್ಲ. ನಾನು ಒಲ್ಲೆ ಅಂದರೆ ಮತ್ತೊಬ್ಬರ ಹತ್ತಿರ ಹೋಗುತ್ತಾಳೆ, ಬಡವರಿದ್ದಾರೆ ಪಾಪ ಅಂತ ನನಗೆ ನಾನೇ ಹೇಳಿಕೊಂಡೆ. ಯಾರದೋ ದುಡ್ಡು ಯಲ್ಲಮ್ಮನ ಜಾತ್ರೆ ಅನ್ನುತ್ತಾರಲ್ಲ, ಹಾಗಾಯಿತು ನನ್ನ ದಾಸೋಹ. ಎರಡು ದಿನ ಕೂತು ಗೆರೆಗೆ ಗೆರೆ ಇಳಿಸಿದೆ. ಆರುನೂರು ತಗೊಂಡೆ. ಪೇಜಿನಲ್ಲಿ ಹಾಕಿದೆ. ಗೊಬ್ಬೂರಿನವರು ಬಹಳ ಚಲೋ ಬಂದದ್ರಿ ಅಂತ ಕೈಮುಗಿದ ಗುರುತು ಕಳಿಸಿದರು. ಅಷ್ಟೊಂದು ಮೆಚ್ಚುಗೆ ನನ್ನ ಬೇರೆ ಯಾವ ಚಿತ್ರಕ್ಕೂ ಬಂದಿರಲಿಲ್ಲ.

ಪೇಜಿನಲ್ಲಿ ಅಕ್ಕ ಅದನ್ನು ನೋಡಿಯೇ ಇರಬೇಕು, ಅವಳಿಂದ ಫೋನು ಬರಲಿಲ್ಲ. ನಾನೂ ಫೋನು ಮಾಡಲಿಲ್ಲ, ಮಾಡುವ ಮುಖ ಇರಲಿಲ್ಲ. ಏಳೆಂಟು ತಿಂಗಳ ಮೇಲೆ ಕಲಬುರಗಿಯಲ್ಲಿ ಕಾಗದ ಕೊಳ್ಳಲು ಹೋದಾಗ ಅಂಗಡಿಯ ಚಾಚಾ ಸುದ್ದಿ ಹೇಳಿದರು. ಜೇವರ್ಗಿ ಮೇಡಂ ಬಿಚ್ಚದ ಹಾಳೆಯ ಕಟ್ಟು ವಾಪಸ್ ಕೊಟ್ಟು ಹೋದರಂತೆ. ಗಿರಾಕಿಗಳೆಲ್ಲ ಆರುನೂರಕ್ಕೆ ಬರೆಯುವವರಿದ್ದಾರೆ ಅಂತ ಮೊಬೈಲ್ ತೋರಿಸುತ್ತಾರೆ, ಈ ಕೆಲಸ ಸಾಕು ಅಂದರಂತೆ. ಆ ಆರುನೂರಿನವಳು ನಾನೇ ಅಂತ ಚಾಚಾಗೆ ಗೊತ್ತಿರಲಿಲ್ಲ. ನನಗೆ ನಿಂತಲ್ಲೇ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಅಲ್ಲಿಂದಲೇ ಜೇವರ್ಗಿ ಬಸ್ಸು ಹತ್ತಿದೆ. ಅಕ್ಕ ಮನೆಯಲ್ಲಿರಲಿಲ್ಲ. ಬಸ್ ನಿಲ್ದಾಣದ ಹತ್ತಿರದ ಬ್ಯಾನರ್ ಅಂಗಡಿಯಲ್ಲಿ ಪಗಾರಕ್ಕೆ ಹೋಗುತ್ತಾಳೆ ಅಂತ ಅವಳ ತಾಯಿ ಹೇಳಿದರು. ಹೋದೆ. ಕಂಪ್ಯೂಟರಿನ ಮುಂದೆ ಕೂತು ಯಾರದೋ ಹುಟ್ಟುಹಬ್ಬದ ಬ್ಯಾನರಿಗೆ ಸಾಲುಸಾಲು ತಲೆ ಅಂಟಿಸುತ್ತಿದ್ದಳು. ಅಂಥ ಕೈ ಅದು! ನನ್ನನ್ನು ಕಂಡು ಎದ್ದು ಬಂದು, ಊಟ ಆಯಿತೇನು ಅಂತ ಕೇಳಿ, ಚಹಾ ತರಿಸಿದಳು. ಬೈದಿದ್ದರೆ ಹಗುರಾಗುತ್ತಿತ್ತು. ತಪ್ಪಾಯಿತು ಅಕ್ಕ, ಅದು ನಿನ್ನ ಚಿತ್ರ ಅಂತ ಗೊತ್ತಿದ್ದೂ ಬರೆದೆ ಅಂದೆ. ಅವಳು ಪಾಠ ಹೇಳುವ ದನಿಯಲ್ಲೇ ಹೇಳಿದಳು:

"ಮಂದಿ ಸಂಕೋಚದವರು. ಏನ್ ತೋರಿಸಿದ್ರೂ ಚಲೋ ಅದರಿ ಅಂತಾರ. ಅದಕ್ಕ ಕಚ್ಚಾ ಚಿತ್ರದಾಗ ಬೇಕಂತಲೇ ಒಂದು ತಪ್ಪು ಬಿಡ್ತೇನಿ. ಅದನ್ನ ಕಂಡ್ರ ಸುಮ್ಮ ಕುಂದ್ರಾಕ ಆಗಂಗಿಲ್ಲ, ಬಾಯಿ ಬಿಡ್ತಾರ. ಆಮ್ಯಾಲ ಉಳಿದದ್ದೆಲ್ಲಾ ತಾನ ಬರ್ತದ. ಆ ಅವ್ವಗ ಒಂದ ಕಿವಿ ಕೇಳ್ತಿತ್ತಂತ. ಆ ಕಿವಿ ಯಾವಾಗ್ಲೂ ಸೆರಗಿನ ಹೊರಗ ಇಟ್ಟಿರ್ತಿದ್ಲಂತ. ನಾ ಎರಡೂ ಮುಚ್ಚಿ ಬರದಿದ್ದೆ, ರೇಟ ಕೇಳಿ ಅವರು ತಿದ್ದಿಸಾಕ ಬರ್ಲಿಲ್ಲ. ನೀನೂ ಹಂಗ ಬರದಿ. ಅವರಿಗೆ ಏನೂ ಕೇಳ್ಲೇ ಇಲ್ಲೇನು?"

ಕೇಳಿರಲಿಲ್ಲ. ಆರುನೂರಕ್ಕೆ ಯಾರು ತಾಸುಗಟ್ಟಲೆ ಮಾತಾಡುತ್ತಾರೆ?

ಅಂಗಡಿಯ ಹೊರಗೆ ಬಂದು ಗೊಬ್ಬೂರಿಗೆ ಫೋನು ಮಾಡಿದೆ. ಕಿವಿಯ ಮಾತೆತ್ತಿದೆ. ಆ ಹೆಣ್ಣುಮಗಳು ಅಂದಳು:

"ಗೊತ್ತಿತ್ರಿ ಮೇಡಂ. ಮೊಬೈಲಿನಾಗ ಸಣ್ಣದಿತ್ತು, ಲಕ್ಷ್ಯ ಹೋಗಿರ್ಲಿಲ್ಲ, ನಿಮ್ದು ಬಿಚ್ಚಿ ನೋಡಿದ ಕೂಡ್ಲೆ ಗೊತ್ತಾತು. ಅಷ್ಟು ಕಮ್ಮಿ ರೊಕ್ಕದಾಗ ಬರಕೊಟ್ಟೀರಿ, ಮತ್ತ ತಿದ್ರಿ ಅನ್ನಾಕ ಬಾಯಿ ಬರ್ಲಿಲ್ರಿ. ಒಮ್ಮೊಮ್ಮೆ ಅವ್ವನ ಮುಂದ ನಿಂತು ಮಾತಾಡ್ತೇನ್ರಿ. ಕೇಳಂಗಿಲ್ಲೇನೋ ಅನಸ್ತದ."

ಆ ಜೇವರ್ಗಿಯವರು ಬರೆದುಕೊಡುವುದಾದರೆ ಅವರು ಹೇಳಿದಷ್ಟೇ ಕೊಡುತ್ತೇವೆ, ಒಮ್ಮೆಗೆ ಆಗದಿದ್ದರೆ ಎರಡು ಸಲಕ್ಕೆ ಕೊಡುತ್ತೇವೆ ಅಂತಲೂ ಅಂದಳು. ಅವರಿಗೆ ಫೋನು ಮಾಡಲು ತನಗೆ ನಾಚಿಕೆ, ನೀವೇ ಹೇಳಿ ಅಂದಳು. ನನಗೂ ನಾಚಿಕೆಯೇ. ಆದರೂ ಒಳಗೆ ಹೋಗಿ ಅಕ್ಕನಿಗೆ ಎಲ್ಲ ಹೇಳಿದೆ. ಇದೊಂದನ್ನು ಬರಿ, ನಾನು ಪೇಜು ಮುಚ್ಚುತ್ತೇನೆ ಅಂತ ಕೈ ಹಿಡಿದುಕೊಂಡೆ. ಅವಳು ಕೈ ಬಿಡಿಸಿಕೊಳ್ಳಲಿಲ್ಲ.

"ಬ್ಯಾಡ ಬೇ," ಅಂದಳು. "ಈಗ ಹಾಳಿ ಮುಂದ ಕುಂತ್ರ ಮೊದಲ ರೇಟ ನೆನಪಾಗ್ತದ, ಅವ್ವನ ಮಾರಿ ಮೂಡಂಗಿಲ್ಲ. ನೀನ ಬರಿ. ಕಿವಿ ಹೊರಗಿಡು."

ಬರೆದೆ. ಗೊಬ್ಬೂರಿನವರ ಜೊತೆ ಒಂದು ತಾಸು ಮಾತಾಡಿ, ಕಿವಿ ಹೊರಗಿಟ್ಟು ಬರೆದೆ. ಅಕ್ಕ ಮಾತ್ರ ಮತ್ತೆ ಪೆನ್ಸಿಲ್ ಹಿಡಿಯಲಿಲ್ಲ.