ಬಾಗಿಲ ಮೇಲೆ ಬಿದಿರಕಟ್ಟೆ

ಕೋಲ್ಕತ್ತಾದಲ್ಲಿ ಮೊದಲ ಬೆಳಗ್ಗೆ ನಾನು ಕಂಡದ್ದು ಬೀದಿ ಸ್ನಾನ. ಬ್ರಿಟಿಷರ ಕಾಲದ ಕಬ್ಬಿಣದ ಕೊಳಾಯಿಯಿಂದ ಗಂಗೆಯ ನೀರು ಫುಟ್‌ಪಾತಿನ ಮೇಲೆ ಬಳಬಳನೆ ಉಕ್ಕುತ್ತಿತ್ತು. ಮೈತುಂಬ ಸೋಪು ಹಚ್ಚಿಕೊಂಡ ಗಂಡಸರು ಬಸ್ಸುಗಳಿಗೆ ಬೆನ್ನು ಕೊಟ್ಟು ಆರಾಮಾಗಿ ಹರಟುತ್ತಿದ್ದರು. ಒಬ್ಬರೂ ಇನ್ನೊಬ್ಬರಿಗೆ ದೂರ ನಿಲ್ಲು ಅನ್ನಲಿಲ್ಲ. ನಾನು ಕಣಕಟ್ಟೆ ಕಡೆಯ ಬಿದಿರಕಟ್ಟೆಯವಳು. ಅಲ್ಲಿ ಊರವರ ಬಿಂದಿಗೆಗಳೆಲ್ಲ ತುಂಬುವ ತನಕ ನಮ್ಮವ್ವ ಬೋರ್‌ವೆಲ್ ಪಕ್ಕದಲ್ಲಿ ಕಾಯುತ್ತಿದ್ದಳು. ಇಲ್ಲಿ ನೀರು ಸುಮ್ಮನೆ ಹರಿದುಹೋಗುವುದನ್ನು ನೋಡಿ ನನಗೆ ಖುಷಿಯಾಗಲಿಲ್ಲ, ಸಿಟ್ಟು ಬಂತು.

ಇಲ್ಲಿ ಟೀ ಕೊಡುವುದು ‘ಭಾಂಡ್’ನಲ್ಲಿ. ಅಂಗೈಯಲ್ಲಿ ಅಡಗುವ ಮಣ್ಣಿನ ಲೋಟ ಅದು, ಕುಡಿದು ಬಿಸಾಡಬೇಕು. ವಕೀಲನೂ ಬಿಸಾಡುತ್ತಾನೆ, ರಿಕ್ಷಾ ಎಳೆಯುವವನೂ ಬಿಸಾಡುತ್ತಾನೆ. ನಮ್ಮೂರ ಹೋಟೆಲಿನಲ್ಲಿ ಬಿಸಾಡುವ ಲೋಟ ನಮಗೆ ಮಾತ್ರ, ಮಿಕ್ಕವರಿಗೆಲ್ಲ ಸ್ಟೀಲು. ‘ಅದೆಲ್ಲ ಈಗೆಲ್ಲಿದೆ’ ಎನ್ನುವ ಅರಸೀಕೆರೆಯ ಗೆಳೆಯರು ಒಂದು ಸಲ ಅಲ್ಲಿ ನನ್ನ ಜೊತೆ ಕೂತು ಟೀ ಕುಡಿಯಲಿ.

ಹಾಗಂತ ಈ ನಗರವನ್ನು ಹೊಗಳಲು ನಾನು ಕೂತಿಲ್ಲ. ವರ್ಗವಾಗಿ ಬಂದವಳಿಗೆ ಮನೆ ಬೇಕಿತ್ತು. ತಿಂಗಳ ಕೊನೆಗೆ ಕಚೇರಿಯ ಗೆಸ್ಟ್ ಹೌಸ್ ಬಿಡಲೇಬೇಕಿತ್ತು. ಹಿಂದೆ ಅರಸೀಕೆರೆಯಲ್ಲಿ ಬಾಡಿಗೆ ಮನೆ ಕೇಳಲು ಹೋದಾಗ, ಕೊಬ್ಬರಿ ವ್ಯಾಪಾರದ ಯಜಮಾನರೊಬ್ಬರು ಕೂರಿಸಿ ಕೇಳಿದ್ದರು: “ನಿಮ್ಮನೆ ದೇವ್ರು ಯಾವ್ದಮ್ಮ?”

ಜಾತಿ ತಿಳಿಯಲು ನಮ್ಮ ಕಡೆಯವರು ಹಿಡಿಯುವ ನಯವಾದ ದಾರಿ ಇದು. “ನಾವು ಬೌದ್ಧರು ಸಾರ್” ಅಂದೆ.

“ಓ... ಮನೆ ನಮ್ ಅಳಿಯಂಗೆ ಅಂತ ಇಟ್ಟಿದೀವಿ ಕಣಮ್ಮ.”

ಈ ಸಲ ನಾನು ಬಾಡಿಗೆಗೆ ಕೇಳಲು ಹೋದ ಕೋಲ್ಕತ್ತಾದ ಮುದುಕರೊಬ್ಬರ ಮನೆಗೆ ಹಸಿರು ಮರದ ಕಿಟಕಿಗಳು, ದೊರೆಗಳ ಕಾಲದ ಅಗಲವಾದ ಮೆಟ್ಟಿಲು. ನನ್ನ ಹೆಸರು ಕೇಳಿ ತಲೆಯಾಡಿಸಿದವರು, “ಪೊದೊಬಿ?” ಎಂದರು. ಪೊದೊಬಿ ಎಂದರೆ ಹೆಸರಿನ ಕೊನೆಗೆ ಬರುವ ಮನೆತನದ ಹೆಸರು. ಅದನ್ನು ಕೇಳಿದರೆ ಇಲ್ಲಿನವರಿಗೆ ಜಾತಿ ತಿಳಿದುಬಿಡುತ್ತದೆ. ಇಷ್ಟು ದೂರ ಬಂದರೂ ಅದೇ ಪ್ರಶ್ನೆ! ಮೈ ಉರಿಯಿತು. ನಮ್ಮಲ್ಲಿ ಹೆಸರಿನ ಕೊನೆಗೆ ಏನೂ ಇಲ್ಲ, ಮೊದಲಿಗೆ ಊರಿನ ಇನಿಷಿಯಲ್ ಇದೆ, ಅಷ್ಟೆ.

“ಬಿದಿರಕಟ್ಟೆ” ಅಂದೆ, ಗಟ್ಟಿಯಾಗಿ.

ಅದು ಯಾವ ಜಾತಿಯೋ ಅವರಿಗೆ ಗೊತ್ತಾಗಲಿಲ್ಲ. ಗೊತ್ತಾಗಲಿಲ್ಲವೆಂದೇ ಮನೆ ಸಿಕ್ಕಿತು. ಮರುವಾರ ಅವರೇ ಬಾಗಿಲಿಗೆ ಫಲಕ ಹಾಕಿಸಿದರು: ಮಿಸ್ ಬಿದಿರಕಟ್ಟೆ. ಈಗ ಮೀನು ಮಾರುವವಳಿಗೂ ನಾನು ‘ಬಿದಿರಕಟ್ಟೆ ದೀದಿ’, ಅಂದರೆ ಬಿದಿರಕಟ್ಟೆ ಅಕ್ಕ. ಹುಟ್ಟಿದ ಊರಿನಲ್ಲಿ ಯಾರೂ ನನ್ನನ್ನು ಬಿದಿರಕಟ್ಟೆಯವಳು ಅಂದವರಲ್ಲ. ಅಲ್ಲಿ ನಾನು ಕೇರಿಯವಳು.

ಫಲಕದ ಫೋಟೊ ಅವ್ವನಿಗೆ ಕಳಿಸಿದೆ. ನಗುತ್ತಾಳೆ ಅಂದುಕೊಂಡಿದ್ದೆ. ಫೋನಿನಲ್ಲಿ ದನಿ ತಗ್ಗಿಸಿ ಕೇಳಿದಳು: “ಊರ ಹೆಸ್ರ ನೀನಿಟ್ಕಂಡಿರದು ಊರ್ನೋರಿಗೆ ಗೊತ್ತಾದ್ರೆ ಸುಮ್ಕಿರ್ತಾರೇನವ್ವ?”

ಗೊತ್ತಾಗಲಿ ಅಂತಲೇ ಇದನ್ನು ನಮ್ಮ ಕಡೆಯವರು ಓದುವ ಪತ್ರಿಕೆಗೆ ಬರೆಯುತ್ತಿದ್ದೇನೆ.